ಅಡ್ಡ ಇಟ್ಟ ಕುರ್ಚಿ

2020ರ ಏಪ್ರಿಲ್ 10, ಶುಕ್ರವಾರ. ಬೆಂಗಳೂರಿನ ಮೈಸೂರು ರಸ್ತೆಯ ಬದಿಯ ಬಾಪೂಜಿನಗರ ಮತ್ತು ಪಾದರಾಯನಪುರ ವಾರ್ಡುಗಳನ್ನು ನಗರಪಾಲಿಕೆಯಾದ ಬಿಬಿಎಂಪಿ ಸೀಲ್‌ಡೌನ್ ಮಾಡಿತು. ಬೀದಿಗಳ ಬಾಯಿಗೆ ಬ್ಯಾರಿಕೇಡು ಬಂತು, ಪೊಲೀಸರು ಕಾವಲು ನಿಂತರು. ಮಾರನೆಯ ದಿನ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್ಲಂಡ್ ಎಂಬ ನಗರವೂ ತನ್ನ ಬೀದಿಗಳಿಗೆ ಬ್ಯಾರಿಕೇಡು ಇಡತೊಡಗಿತು. ಅವರು ಹಾಕಿಕೊಂಡ ಗುರಿ 74 ಮೈಲಿ, ಅಂದರೆ ಸುಮಾರು 120 ಕಿಲೋಮೀಟರ್ ವಸತಿ ರಸ್ತೆ. ಕೋವಿಡ್ ರೋಗ ಒಂದೇ, ವಾರ ಒಂದೇ, ಅಡ್ಡ ಇಟ್ಟ ಸಾಮಾನೂ ಹೆಚ್ಚುಕಮ್ಮಿ ಒಂದೇ. ಆದರೆ ನಮ್ಮಲ್ಲಿ ಅದನ್ನಿಟ್ಟದ್ದು ಜನ ಹೊರಗೆ ಬರದಿರಲಿ ಎಂದು. ಅಲ್ಲಿ ಇಟ್ಟದ್ದು ಜನ ಹೊರಗೆ ಬರಲಿ, ಬಂದವರಿಗೆ ಆರಡಿ ದೂರ ಕಾಯ್ದುಕೊಂಡು ನಡೆಯಲು ನಡುಬೀದಿ ಸಿಗಲಿ ಎಂದು. ಆ ಬೀದಿಯ ಮನೆಯವರ ಕಾರು ಹೋಗಬಹುದು, ಆಂಬುಲೆನ್ಸ್ ಹೋಗಬಹುದು, ಕಸದ ಲಾರಿ ಹೋಗಬಹುದು. ಸುಮ್ಮನೆ ಹಾದುಹೋಗುವ ಗಾಡಿ ಮಾತ್ರ ಬೇರೆ ದಾರಿ ನೋಡಿಕೊಳ್ಳಬೇಕು.

ಯಾರದು ಸರಿ, ಯಾರದು ತಪ್ಪು ಎಂದು ತೂಗಲು ಇದನ್ನು ಹೇಳುತ್ತಿಲ್ಲ. ಪಾದರಾಯನಪುರದ ಇಕ್ಕಟ್ಟು ಓಕ್ಲಂಡಿನವರಿಗೆ ಕನಸಿನಲ್ಲೂ ಬಂದಿರಲಾರದು. ನನ್ನ ಕುತೂಹಲ ಬೇರೆ. ಲಾಕ್‌ಡೌನ್ ಶುರುವಾಗಿ ತಿಂಗಳೂ ತುಂಬದ ಹೊತ್ತಿನಲ್ಲಿ ಇಂಥದ್ದೊಂದು ತೀರ್ಮಾನಕ್ಕೆ ಬರಲು ಒಂದು ನಗರಕ್ಕೆ ಧೈರ್ಯ ಎಲ್ಲಿಂದ ಬಂತು? ಬೀದಿ ಮುಚ್ಚಿದರೆ ಊರೇನೂ ಮುಳುಗುವುದಿಲ್ಲ ಎಂಬುದನ್ನು ಯಾರೋ ಮೊದಲೇ ಕಂಡುಕೊಂಡಿರಬೇಕಲ್ಲ. ಹುಡುಕುತ್ತ ಹೋದರೆ ಅದು ನೂರು ವರ್ಷ ದಾಟಿದ ಕತೆ. ಯಾವ ಒಬ್ಬ ವಿಜ್ಞಾನಿಯ ಹೆಸರಿಗೂ ಬರೆಯಲಾಗದ ಆವಿಷ್ಕಾರ. ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಮೇಷ್ಟ್ರು, ಒಂದು ಗುಂಪು ಮಕ್ಕಳು, ಸೈಕಲ್ ಹುಚ್ಚಿನ ಕೆಲವರು, ಇವರೆಲ್ಲ ಬೇರೆ ಬೇರೆ ಊರುಗಳಲ್ಲಿ, ಬಹುಪಾಲು ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆಯೇ, ಇದನ್ನು ಮತ್ತೆ ಮತ್ತೆ ಕಂಡುಹಿಡಿದರು.

ನಾನು ಇದನ್ನೆಲ್ಲ ಓದಿದ್ದು ಕೆಂಗೇರಿ ಉಪನಗರದಲ್ಲಿ ಕೂತು. ಹಾಗಾಗಿ ಪ್ರತಿ ಪುಟಕ್ಕೂ ನಮ್ಮ ಕ್ರಾಸುಗಳೇ ಕಣ್ಣಮುಂದೆ ಬರುತ್ತಿದ್ದವು. ಕೆಂಗೇರಿ ಬಹುಕಾಲ ಬೆಂಗಳೂರಿನ ಭಾಗವೇ ಆಗಿರಲಿಲ್ಲ. 2007ರ ಜನವರಿಯಲ್ಲಿ ಏಳು ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದಾಗ, ಆ ಪಟ್ಟಿಯಲ್ಲಿದ್ದ ಒಂದೇ ಒಂದು ಪುರಸಭೆ ಕೆಂಗೇರಿಯದು. ಪಕ್ಕದ ಉಪನಗರ ಮೈನು, ಕ್ರಾಸು, ಪಾರ್ಕು ಎಂದು ಗೆರೆ ಎಳೆದು ಕಟ್ಟಿದ ಊರು. ಇಂಥ ಊರಿನ ಕ್ರಾಸಿಗೆ ಹಿಂದೆ ಬರುತ್ತಿದ್ದ ಗಾಡಿ ಒಂದೋ ಅಲ್ಲಿಯವರದು, ಇಲ್ಲ ಅಲ್ಲಿಯವರ ಮನೆಗೆ ಬಂದವರದು. ಈಗ ಒಂದು ಕಡೆ ಮೈಸೂರು ರಸ್ತೆ, ಇನ್ನೊಂದು ಕಡೆ ಕೊಮ್ಮಘಟ್ಟ, ಅದರಾಚೆ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಹೋಯಿತು. ಅದೇ ವರ್ಷದ ಮಾರ್ಚಿನಲ್ಲಿ 119 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಇವೆಲ್ಲದರ ನಡುವೆ ಸಿಗ್ನಲ್ ತಪ್ಪಿಸಬೇಕಾದವನ ಕೈಯಲ್ಲಿ ಫೋನಿದೆ. ಅದು ಇನ್ನೂರು ಮೀಟರಿನಲ್ಲಿ ಎಡಕ್ಕೆ ತಿರುಗು ಅನ್ನುತ್ತದೆ. ತಿರುಗಿದ ಗಾಡಿಗೆ ಆ ಕ್ರಾಸಿನಲ್ಲಿ ಯಾರ ಮನೆಯಲ್ಲೂ ಕೆಲಸವಿಲ್ಲ. ರಸ್ತೆ ಮಧ್ಯದ ಇಟ್ಟಿಗೆ ವಿಕೆಟನ್ನು ಮಕ್ಕಳು ಎತ್ತಿಕೊಳ್ಳುತ್ತಾರೆ, ಗಾಡಿ ಹೋಗುತ್ತದೆ, ಮತ್ತೆ ಇಡುತ್ತಾರೆ. ಸಂಜೆ ಆರು ದಾಟಿದರೆ ಇಡುವುದನ್ನೇ ಬಿಟ್ಟುಬಿಡುತ್ತಾರೆ.

ಬೀದಿ ಮುಚ್ಚಬಹುದು ಎಂದು ಮೊದಲು ಕಂಡುಕೊಂಡದ್ದು ನ್ಯೂಯಾರ್ಕಿನ ಪೊಲೀಸರು. ನಗರ ಯೋಜನೆಯ ಪಂಡಿತರಲ್ಲ, ಪೊಲೀಸರು. ಇದು ನನಗೆ ತುಂಬ ಇಷ್ಟವಾದ ಸಂಗತಿ. 1914ರಲ್ಲಿ ಅಲ್ಲಿನ ಪೊಲೀಸ್ ಕಮಿಷನರ್ ಆರ್ಥರ್ ವುಡ್ಸ್, ಬಡವರೂ ವಲಸಿಗರೂ ಕಿಕ್ಕಿರಿದಿದ್ದ ಲೋವರ್ ಈಸ್ಟ್ ಸೈಡಿನಲ್ಲಿ ಒಂದು ಬೀದಿಯ ತುಂಡನ್ನು ದಿನದ ಕೆಲವು ಗಂಟೆ ಗಾಡಿಗಳಿಗೆ ಮುಚ್ಚಿಸಿ ಮಕ್ಕಳಿಗೆ ಬಿಟ್ಟುಕೊಟ್ಟ. ಮೈದಾನ ಕಟ್ಟಲು ಅಲ್ಲಿ ಜಾಗವಿರಲಿಲ್ಲ, ಜಾಗ ಕೊಳ್ಳಲು ದುಡ್ಡೂ ಇರಲಿಲ್ಲ. ಬೀದಿ ಮಾತ್ರ ಇತ್ತು. ಆ ಯೋಚನೆ ಇಂಗ್ಲೆಂಡಿಗೂ ಹೋಗಿ, 1938ರಲ್ಲಿ ಆಟದ ಬೀದಿಗಳಿಗೆಂದೇ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿತು. ನೂರಾರು ಬೀದಿಗಳಿಗೆ ಆ ಬೋರ್ಡು ಬಿತ್ತು. ಆಮೇಲೆ ಮನೆಮನೆಗೂ ಕಾರು ಬಂತು, ಅದನ್ನು ನಿಲ್ಲಿಸಲು ಜಾಗ ಬೇಕಾಯಿತು, ಬೋರ್ಡುಗಳು ಒಂದೊಂದಾಗಿ ಇಲ್ಲವಾದವು. ಸಿಕ್ಕಿದ್ದು ಕಳೆದುಹೋಯಿತು. ಅದೇ ದೇಶದ ಬ್ರಿಸ್ಟಲ್ ನಗರದಲ್ಲಿ 2009ರಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ತಾಯಂದಿರು ತಮ್ಮ ಬೀದಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಮುಚ್ಚಿಸಿ ಮಕ್ಕಳನ್ನು ಆಡಲು ಬಿಟ್ಟಾಗ, ಅಜ್ಜಿಯ ಕಾಲದ್ದನ್ನೇ ಹೊಸದಾಗಿ ಕಂಡುಹಿಡಿದಂತಾಯಿತು. ‘ಪ್ಲೇಯಿಂಗ್ ಔಟ್’ ಎಂಬ ಚಳವಳಿ ಹುಟ್ಟಿದ್ದು ಅಲ್ಲಿ.

ಮಕ್ಕಳಿಗೆ ಆಡಲು ಜಾಗ ಸಿಗುತ್ತದೆ ಎಂಬುದೇನೋ ಕಣ್ಣಿಗೆ ಕಾಣುವ ವಿಷಯ. ಕಾಣದ ವಿಷಯವೊಂದನ್ನು ಕಂಡವನು ಡೊನಾಲ್ಡ್ ಆ್ಯಪಲ್‌ಯಾರ್ಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಬರ್ಕ್ಲಿಯಲ್ಲಿ ನಗರ ವಿನ್ಯಾಸ ಪಾಠ ಮಾಡುತ್ತಿದ್ದ ಮೇಷ್ಟ್ರು. 1960ರ ದಶಕದ ಕೊನೆಯ ಮಾತು. ಆಗಿನ ಟ್ರಾಫಿಕ್ ಎಂಜಿನಿಯರುಗಳ ಬಳಿ ರಸ್ತೆಯ ಬಗ್ಗೆ ಬೇಕಾದಷ್ಟು ಅಂಕಿಅಂಶ ಇದ್ದವು: ಗಂಟೆಗೆ ಎಷ್ಟು ಗಾಡಿ, ಎಷ್ಟು ವೇಗ, ಎಷ್ಟು ಹೊತ್ತು ಸಿಗ್ನಲ್. ಎಲ್ಲವೂ ಸ್ಟೀರಿಂಗ್ ಹಿಂದೆ ಕೂತವರ ಲೆಕ್ಕ. ಅದೇ ರಸ್ತೆಯ ಮೇಲೆ ಬಾಗಿಲು ತೆರೆಯುವ ಮನೆಯಲ್ಲಿ ಕೂತವರ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಆ್ಯಪಲ್‌ಯಾರ್ಡ್ ಮತ್ತು ಅವನ ಜೊತೆಗಾರ ಮಾರ್ಕ್ ಲಿಂಟೆಲ್, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅಕ್ಕಪಕ್ಕದ ಮೂರು ಬೀದಿಗಳನ್ನು ಆಯ್ದುಕೊಂಡರು. ಫ್ರಾಂಕ್ಲಿನ್, ಗಫ್, ಆಕ್ಟೇವಿಯ. ಮನೆಗಳೆಲ್ಲ ನೋಡಲು ಒಂದೇ ಬಗೆಯವು. ವ್ಯತ್ಯಾಸ ಗಾಡಿಗಳದು: ಮೊದಲನೆಯದರಲ್ಲಿ ದಿನಕ್ಕೆ ಸುಮಾರು 16,000, ಎರಡನೆಯದರಲ್ಲಿ 8,000, ಮೂರನೆಯದರಲ್ಲಿ 2,000. ಅವರು ಮನೆಮನೆಗೆ ಹೋಗಿ ಸದ್ದು, ಹೊಗೆ, ಧೂಳಿನ ಬಗ್ಗೆ ಕೇಳಿದರು. ಅದನ್ನು ಯಾರಾದರೂ ಕೇಳುತ್ತಾರೆ. ಜಾಣತನ ಇದ್ದದ್ದು ಇನ್ನೊಂದು ಪ್ರಶ್ನೆಯಲ್ಲಿ. ಬೀದಿಯ ನಕ್ಷೆಯನ್ನು ಮುಂದಿಟ್ಟು, ನಿಮ್ಮ ಸ್ನೇಹಿತರು ಯಾವ ಮನೆಯಲ್ಲಿದ್ದಾರೆ, ಪರಿಚಯದವರು ಎಲ್ಲೆಲ್ಲಿದ್ದಾರೆ ತೋರಿಸಿ ಎಂದರು. ತೋರಿಸಿದ ಕಡೆಗೆಲ್ಲ ಗೆರೆ ಎಳೆದರು. ಮೂರು ಬೀದಿಯ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಾಗ ಯಾವ ವಿವರಣೆಯೂ ಬೇಕಾಗಲಿಲ್ಲ. ಆಕ್ಟೇವಿಯದಲ್ಲಿ ಗೆರೆಗಳು ಬೀದಿಯ ಈ ಬದಿಯಿಂದ ಆ ಬದಿಗೆ ಹೆಣೆದುಕೊಂಡು ಕಪ್ಪಾಗಿದ್ದವು. ಫ್ರಾಂಕ್ಲಿನ್‌ನಲ್ಲಿ ಅಲ್ಲೊಂದು ಇಲ್ಲೊಂದು. ಗಾಡಿ ಕಡಿಮೆಯಿದ್ದ ಬೀದಿಯಲ್ಲಿ ಒಬ್ಬೊಬ್ಬರಿಗೂ ಸರಾಸರಿ ಮೂವರು ಸ್ನೇಹಿತರು, ಆರಕ್ಕೂ ಹೆಚ್ಚು ಪರಿಚಯದವರು. ನಡುವಿನದರಲ್ಲಿ ಸ್ನೇಹಿತರು 1.3. ಗಾಡಿ ಕಿಕ್ಕಿರಿದ ಬೀದಿಯಲ್ಲಿ 0.9, ಅಂದರೆ ತಲೆಗೊಬ್ಬ ಸ್ನೇಹಿತನೂ ಇಲ್ಲ.

ನಿಮ್ಮ ಮನೆ ಎಲ್ಲಿಯವರೆಗೆ, ಗುರುತು ಹಾಕಿ ಎಂದೂ ಕೇಳಿದ್ದರು. ಆಕ್ಟೇವಿಯದವರು ರಸ್ತೆಯನ್ನೂ ಸೇರಿಸಿಕೊಂಡು ದೊಡ್ಡ ಸುತ್ತು ಹಾಕಿದರು. ಫ್ರಾಂಕ್ಲಿನ್‌ನವರ ಗುರುತು ತಮ್ಮ ಕಟ್ಟಡದ ಗೋಡೆ ದಾಟಲಿಲ್ಲ.

1972ರಲ್ಲಿ ಈ ಅಧ್ಯಯನ ಅಚ್ಚಾಯಿತು. ಇದನ್ನು ವೇದವಾಕ್ಯದಂತೆ ಉಲ್ಲೇಖಿಸುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ: ಮಾತಾಡಿಸಿದ್ದು ಬೀದಿಗೆ ಹನ್ನೆರಡು ಮಂದಿಯನ್ನು ಮಾತ್ರ. ಗದ್ದಲದ ಬೀದಿಯಲ್ಲಿ ಮಕ್ಕಳಿದ್ದ ಕುಟುಂಬಗಳೇ ಕಡಿಮೆ, ಒಂಟಿಯಾಗಿ ಇದ್ದವರು ಹೆಚ್ಚು. ಗಾಡಿಗಳಿಂದಾಗಿ ಸ್ನೇಹ ಕಡಿಮೆಯಾಯಿತೋ, ಸ್ನೇಹ ಮಾಡುವಂಥ ಸಂಸಾರಗಳು ಮೊದಲೇ ಮನೆ ಖಾಲಿಮಾಡಿ ಹೋಗಿದ್ದವೋ? ಎರಡೂ ಇರಬಹುದು. ಎರಡನೆಯದೇ ನಿಜವಾದರೂ ಬೀದಿಗೆ ಅದರಿಂದ ಸಮಾಧಾನವೇನಿಲ್ಲ. 2008ರಲ್ಲಿ ಜೋಶುವಾ ಹಾರ್ಟ್ ಎಂಬಾತ ಬ್ರಿಸ್ಟಲ್‌ನ ಮೂರು ಬೀದಿಗಳಲ್ಲಿ ಇದೇ ಪ್ರಶ್ನೆಗಳನ್ನು ಕೇಳಿದಾಗಲೂ ಗೆರೆಗಳು ಹಾಗೆಯೇ ಬಂದವು. ಆ್ಯಪಲ್‌ಯಾರ್ಡ್ ಅದನ್ನು ನೋಡಲು ಇರಲಿಲ್ಲ. ವಾಸಯೋಗ್ಯ ಬೀದಿಗಳ ಬಗ್ಗೆ ಅವನ ದೊಡ್ಡ ಪುಸ್ತಕ 1981ರಲ್ಲಿ ಬಂತು. ಮರುವರ್ಷವೇ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರೊಂದು ಗುದ್ದಿ ಅವನು ತೀರಿಕೊಂಡ. ಕತೆಗಾರ ಹೀಗೆ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.

ಅಳೆದದ್ದು ಅಮೆರಿಕದವರಾದರೆ, ಕಾನೂನು ಮಾಡಿದ್ದು ಡಚ್ಚರು. ಅದೂ ಸುಖವಾಗಿ ಕೂತು ಮಾಡಿದ್ದಲ್ಲ. 1971ರಲ್ಲಿ ನೆದರ್ಲೆಂಡ್ಸಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ ಮರುವರ್ಷ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ ಇಟ್ಟ ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂದು. ಅದೇ ಒಂದು ಚಳವಳಿಯ ಹೆಸರಾಯಿತು. ಆಮ್‌ಸ್ಟರ್‌ಡಾಮಿನ ಇಕ್ಕಟ್ಟಿನ ಬಡಾವಣೆಯೊಂದರಲ್ಲಿ ಮಕ್ಕಳೇ ಬೀದಿಗೆ ಅಡ್ಡ ಕಟ್ಟಿ ಕಾರುಗಳನ್ನು ತಡೆದದ್ದು ಟಿವಿಯಲ್ಲಿ ಬಂತು. ಬೈದು ಮುನ್ನುಗ್ಗಲು ನೋಡಿದ ದೊಡ್ಡವರೂ ಅದರಲ್ಲಿ ಕಾಣಿಸಿಕೊಂಡರು. ಡೆಲ್ಫ್ಟ್ ಎಂಬ ಊರಿನಲ್ಲಿ 1960ರ ದಶಕದ ಕೊನೆಗೇ ಮನೆ ಮುಂದಿನ ರಸ್ತೆಗೆ ಗಿಡ, ಬೆಂಚು, ತಿರುವು ಹಾಕಿ, ಗಾಡಿ ಹೋಗಬಹುದು ಆದರೆ ನಡೆಯುವವನ ವೇಗದಲ್ಲೇ ಹೋಗಬೇಕು ಎಂಬಂತೆ ಮಾಡಿದ್ದರು. 1976ರಲ್ಲಿ ಅದಕ್ಕೆ ದೇಶದ ಕಾನೂನಿನ ಬಲ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಡಚ್ಚರು ಬೀದಿಯನ್ನು ಮುಚ್ಚಲೇ ಇಲ್ಲ. ಹಾದುಹೋಗುವವನಿಗೆ ಅದನ್ನು ಬೇಸರದ ದಾರಿಯಾಗಿ ಮಾಡಿದರು, ಅಷ್ಟೆ. ಮನೆಯವನಿಗೆ ಅರ್ಧ ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಅರ್ಧ ನಿಮಿಷ ಉಳಿಸಲೆಂದೇ ಒಳದಾರಿಗೆ ಬಂದವನು ಮಾತ್ರ ಇನ್ನೊಮ್ಮೆ ಬರುವುದಿಲ್ಲ.

ಬೊಗೋಟದ ದಾರಿ ಬೇರೆ. ಕೊಲಂಬಿಯ ದೇಶದ ಆ ರಾಜಧಾನಿಯಲ್ಲಿ 1974ರ ಡಿಸೆಂಬರ್ 15ರ ಭಾನುವಾರ, ಹೈಮೆ ಓರ್ತಿಸ್ ಮಾರಿನ್ಯೊ ಎಂಬ ವಾಸ್ತುಶಿಲ್ಪಿಯೂ ಅವನ ಗೆಳೆಯರೂ ಕಾರುಗಳ ಹಾವಳಿಗೆ ಪ್ರತಿಭಟನೆಯೆಂದು ಮುಖ್ಯರಸ್ತೆಗಳಲ್ಲಿ ಸೈಕಲ್ ಮೆರವಣಿಗೆ ಹೊರಡಿಸಿದರು. ಸಾವಿರಾರು ಜನ ಬಂದರು. ಪ್ರತಿಭಟನೆಗೆಂದು ಬಂದವರಿಗೆ ಖುಷಿ ಆಗಿಬಿಟ್ಟಿತು. ಇದು ಚಳವಳಿಗಳಲ್ಲಿ ಅಪರೂಪ. 1976ರಲ್ಲಿ ಮೇಯರ್ ಅದನ್ನು ಅಧಿಕೃತ ಮಾಡಿದ. ಈಗ ಅಲ್ಲಿ ಪ್ರತಿ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರಿಪ್ಪತ್ತು ಕಿಲೋಮೀಟರಿಗೂ ಮಿಕ್ಕ ರಸ್ತೆ ಸೈಕಲ್ಲಿನವರದು, ನಡೆಯುವವರದು. ಜಗತ್ತಿನ ನೂರಾರು ಊರುಗಳು ನಕಲು ಮಾಡಿದ್ದು ಇದನ್ನೇ.

ನಕಲು ಮಾಡಿದವರಲ್ಲಿ ನಾವೂ ಇದ್ದೇವೆ. ದೇಶದಲ್ಲಿ ಈ ಮಾತು ಬಂದರೆ ಎಲ್ಲರೂ ಗುರುಗ್ರಾಮದ ರಾಹ್‌ಗಿರಿಯ ಹೆಸರು ಹೇಳುತ್ತಾರೆ. ಅದು ಶುರುವಾದದ್ದು 2013ರ ನವೆಂಬರ್ 17ರಂದು. ಬೆಂಗಳೂರಿನ ‘ಸೈಕಲ್ ಡೇ’ ಅದಕ್ಕೂ ಒಂದು ತಿಂಗಳು ಹಿಂದಿನದು, ಅದೇ ವರ್ಷದ ಅಕ್ಟೋಬರಿನದು. ನಮ್ಮವರಿಗೆ ಹೇಳಿಕೊಳ್ಳಲು ಬರುವುದಿಲ್ಲ. ರಾಜ್ಯ ಸರ್ಕಾರದ ನಗರ ಭೂಸಾರಿಗೆ ನಿರ್ದೇಶನಾಲಯ, ಎಲ್ಲರೂ ಡಲ್ಟ್ ಅನ್ನುವ ಕಚೇರಿ, ಕೆಲವು ನಾಗರಿಕ ಸಂಘಗಳನ್ನು ಕಟ್ಟಿಕೊಂಡು ಇದನ್ನು ಶುರುಮಾಡಿತು. ಭಾನುವಾರ ಬೆಳಗಿನ ಕೆಲವು ಗಂಟೆ, ಬಡಾವಣೆಯ ಒಂದೆರಡು ರಸ್ತೆ, ಎರಡು ತುದಿಗೂ ಬ್ಯಾರಿಕೇಡು. ಸೈಕಲ್ ಇಲ್ಲದವರಿಗೆ ಅಲ್ಲೇ ಸೈಕಲ್. ಹೆಸರು ಸೈಕಲ್ಲಿನದಾದರೂ ಲಗೋರಿ, ಕುಂಟೆಬಿಲ್ಲೆ ಎಲ್ಲ ಅದರ ಜೊತೆಗೆ ಬೀದಿಗಿಳಿದವು. ಮುಖ್ಯವಾದ ಸಂಗತಿ ಇದು ಬಡಾವಣೆಯಿಂದ ಬಡಾವಣೆಗೆ ಹೋದದ್ದು. ಸ್ಥಳೀಯರು ಮೈಮೇಲೆ ಹಾಕಿಕೊಂಡರೆ ಮಾತ್ರ ನಡೆಯುವಂಥದ್ದು. ಬೊಗೋಟದಲ್ಲಿ ಊರಿನ ಮುಖ್ಯರಸ್ತೆಗಳನ್ನೇ ಮುಚ್ಚಿದರೆ, ಇಲ್ಲಿ ಮುಚ್ಚಿದ್ದು ಮನೆ ಮುಂದಿನ ರಸ್ತೆ. ಅದು ಚಿಕ್ಕ ಕೆಲಸ ಎಂದು ಯಾರಿಗಾದರೂ ಅನ್ನಿಸಿದರೆ, ಮನೆ ಮುಂದೆ ಕಾರು ನಿಲ್ಲಿಸಿದವರನ್ನು ಭಾನುವಾರ ಬೆಳಿಗ್ಗೆ ಎಬ್ಬಿಸಿ ಕಾರು ತೆಗೆಸಿ ನೋಡಬೇಕು.

ದೊಡ್ಡ ಪ್ರಯೋಗ ಆದದ್ದು ಚರ್ಚ್ ಸ್ಟ್ರೀಟಿನಲ್ಲಿ. 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ಮಾಡಿದ್ದ ಆ ರಸ್ತೆಯನ್ನು 2020ರ ನವೆಂಬರ್ 7ರಿಂದ ಶನಿವಾರ, ಭಾನುವಾರಗಳಲ್ಲಿ ನಡೆಯುವವರಿಗಷ್ಟೇ ಬಿಟ್ಟರು. ಮುಖ್ಯಮಂತ್ರಿ ಯಡಿಯೂರಪ್ಪ ಉದ್ಘಾಟಿಸಿದರು, ಬ್ರಿಟನ್ನಿನ ಸಂಸ್ಥೆಯೊಂದರ ಸಹಯೋಗ ಇತ್ತು, ಗಾಳಿ ಅಳೆಯಲು ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದರು. ಕೋವಿಡ್ ಇನ್ನೂ ಮುಗಿದಿರಲಿಲ್ಲ, ಆದರೂ ಜನ ತುಂಬಿದರು. 2021ರ ಫೆಬ್ರುವರಿ ಮುಗಿಯಿತು, ಪ್ರಯೋಗವೂ ಮುಗಿಯಿತು, ಗಾಡಿಗಳು ಮರಳಿದವು. ಅದರಿಂದ ಸಿಕ್ಕಿದ ಪಾಠ ಅಂಗಡಿಬೀದಿಗೆ ಹೊಂದುತ್ತದೆ, ನಮ್ಮ ಕ್ರಾಸಿಗೆ ಅಷ್ಟಾಗಿ ಇಲ್ಲ. ಚರ್ಚ್ ಸ್ಟ್ರೀಟಿಗೆ ಜನ ಹೊರಗಿನಿಂದ ಬರುತ್ತಾರೆ. ಅಲ್ಲಿ ಎಷ್ಟು ಮಂದಿ ಬಂದರು ಎಂಬುದೇ ಗೆಲುವಿನ ಅಳತೆ. ಕ್ರಾಸಿನಲ್ಲಿ ಯಾರೂ ಬರಬೇಕಾಗಿಲ್ಲ. ಇರುವವರು ಹೊಸ್ತಿಲು ದಾಟಿದರೆ ಸಾಕು.

ಗಾಡಿಗಳು ಎಲ್ಲಿ ಹೋಗಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರ ನಾನು ಓದಿದ್ದರಲ್ಲೆಲ್ಲ ಅತ್ಯಂತ ವಿಚಿತ್ರವಾದದ್ದು. ಒಂದು ರಸ್ತೆ ಮುಚ್ಚಿದರೆ ಅದರ ಗಾಡಿಗಳೆಲ್ಲ ಪಕ್ಕದ ರಸ್ತೆಗೆ ನುಗ್ಗಿ ಅದನ್ನೂ ಕೆಡಿಸುತ್ತವೆ ಎಂಬುದು ಎಲ್ಲರ ನಂಬಿಕೆ, ಎಂಜಿನಿಯರುಗಳದೂ ಸೇರಿ. ಸ್ಯಾಲಿ ಕೇರ್ನ್ಸ್, ಕಾರ್ಮನ್ ಹಾಸ್-ಕ್ಲೌ, ಫಿಲ್ ಗುಡ್ವಿನ್ ಎಂಬ ಮೂವರು 1998ರಲ್ಲಿ, ರಸ್ತೆ ಮುಚ್ಚಿದ ಅಥವಾ ಕಿರಿದಾಗಿಸಿದ ಜಾಗಗಳ ದಾಖಲೆಗಳನ್ನು ಒಟ್ಟುಮಾಡಿ ನೋಡಿದರು. ಕೆಲವು ವರ್ಷಗಳ ನಂತರ ಅವರಲ್ಲಿ ಇಬ್ಬರು ಮತ್ತೆ ಬರೆಯುವ ಹೊತ್ತಿಗೆ ಹನ್ನೊಂದು ದೇಶಗಳ ಎಪ್ಪತ್ತಕ್ಕೂ ಹೆಚ್ಚು ಪ್ರಕರಣಗಳು ಸೇರಿದ್ದವು. ಅವುಗಳಲ್ಲಿ ಅರ್ಧದಷ್ಟು ಕಡೆ, ಮುಚ್ಚಿದ ರಸ್ತೆಯಲ್ಲಿ ಮೊದಲು ಓಡುತ್ತಿದ್ದ ಗಾಡಿಗಳ ಶೇಕಡ 11ಕ್ಕೂ ಹೆಚ್ಚು ಭಾಗ ಸುತ್ತಮುತ್ತ ಯಾವ ರಸ್ತೆಯಲ್ಲೂ ಪತ್ತೆಯಾಗಲಿಲ್ಲ. ಮಾಯವಾಗಿತ್ತು. ಎಲ್ಲಿ ಹೋಯಿತು? ಕೆಲವರು ಹೊತ್ತು ಬದಲಿಸಿದರು, ಕೆಲವರು ಎರಡು ಕೆಲಸವನ್ನು ಒಂದೇ ಓಡಾಟದಲ್ಲಿ ಮುಗಿಸಿದರು, ಕೆಲವರು ಬಸ್ಸು ಹತ್ತಿದರು, ಕೆಲವರು ಹೋಗುವುದನ್ನೇ ಬಿಟ್ಟರು. ಗಾಡಿಗಳ ಹರಿವು ನೀರಿನ ಹಾಗಲ್ಲ. ನೀರಿಗೆ ನಾಳೆ ಹೋದರಾಯಿತು ಅನ್ನಿಸುವುದಿಲ್ಲ.

ಉಳಿದ ಅರ್ಧದಷ್ಟು ಕಡೆ ಇದಕ್ಕಿಂತ ಕಡಿಮೆ ಗಾಡಿ ಮಾಯವಾಗಿದೆ ಎಂಬುದನ್ನೂ ಹೇಳಬೇಕು. ಪಕ್ಕದ ಬೀದಿಯವರ ಭಯ ಸುಳ್ಳಲ್ಲ. ನಮ್ಮ ಕ್ರಾಸನ್ನು ತಣ್ಣಗೆ ಮಾಡಲು ಮುಂದಿನ ಕ್ರಾಸಿನವರ ನಿದ್ದೆ ಕೆಡಿಸುವುದು ನ್ಯಾಯವೂ ಅಲ್ಲ. ಒಂದೊಂದೇ ಬೀದಿಯ ಬದಲು ಒಂದು ಚೌಕದಷ್ಟು ಬೀದಿಗಳನ್ನು ಒಟ್ಟಿಗೆ ತೆಗೆದುಕೊಂಡು, ಹಾದುಹೋಗುವವರನ್ನು ಸುತ್ತಲಿನ ಮೈನ್ ರೋಡಿಗಷ್ಟೇ ಬಿಡುವುದನ್ನು ಬಾರ್ಸಿಲೋನ 2016ರಲ್ಲಿ ಪೊಬ್ಲೆನೊ ಎಂಬಲ್ಲಿ ಮಾಡಿತು. ಗೆರೆ ಎಳೆದು ಕಟ್ಟಿದ ಉಪನಗರದಂಥ ಊರಿಗೆ ಇದು ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಅಷ್ಟಕ್ಕೂ ಗಾಡಿಗಳು ಹೀಗೆ ಮಾಯವಾಗುವುದು ನಮಗೆ ಹೊಸತಲ್ಲ. ಕೊನೆಯ ಕಾರ್ತಿಕ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಮುಚ್ಚುತ್ತದೆ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಗೆ ಕುಮಾರಕೃಪಾ ರಸ್ತೆ ಮುಚ್ಚುತ್ತದೆ. ಊರು ಹೇಗೋ ಸುತ್ತಿಕೊಂಡು ಹೋಗುತ್ತದೆ. ಉಪನಗರದಲ್ಲಂತೂ ಗಣೇಶನಿಗೊಂದು, ರಾಜ್ಯೋತ್ಸವಕ್ಕೊಂದು, ಗೃಹಪ್ರವೇಶಕ್ಕೊಂದು, ಸಾವಿನ ಮನೆಗೊಂದು ಶಾಮಿಯಾನ ಎದ್ದೇ ಏಳುತ್ತದೆ. ಪ್ಲಾಸ್ಟಿಕ್ ಕುರ್ಚಿ ಎರಡನ್ನು ರಸ್ತೆಗೆ ಅಡ್ಡ ಇಟ್ಟರೆ ಮುಗಿಯಿತು. ಜೋರಾಗಿ ಬಂದ ಬೈಕಿನವನು ಕುರ್ಚಿ ನೋಡಿ, ಒಂದು ಕಾಲು ಊರಿ, ತಿರುಗಿಸಿಕೊಂಡು ಹೋಗುತ್ತಾನೆ. ಯಾರಪ್ಪಣೆ ಎಂದು ಕೇಳುವುದಿಲ್ಲ. ಮೊದಲ ದಿನ ಹಾರನ್ನು, ಗೊಣಗಾಟ. ಮೂರನೆಯ ದಿನದ ಹೊತ್ತಿಗೆ ಆ ತಿರುವಿಗೆ ಬರುವವರೇ ಕಡಿಮೆ. ಹಬ್ಬ ಮುಗಿದ ಮೇಲೂ ಒಂದೆರಡು ದಿನ ಆ ರಸ್ತೆ ಖಾಲಿ ಇರುವುದನ್ನು ನಾನು ನೋಡಿದ್ದೇನೆ, ದಾರಿ ಬದಲಿಸಿದವರಿಗೆ ವಾಪಸು ಬರಲು ನೆನಪಾಗುವವರೆಗೆ. ಲಂಡನ್ನಿನಲ್ಲಿ ಕೂತು ಪ್ರೊಫೆಸರುಗಳು ಕಡತ ತಿರುವಿ ಕಂಡದ್ದನ್ನು ನಮ್ಮ ಗಣೇಶೋತ್ಸವ ಸಮಿತಿಯ ಹುಡುಗರು ಪ್ರತಿ ಭಾದ್ರಪದದಲ್ಲೂ ಕಾಣುತ್ತಾರೆ. ಬರೆದಿಡುವುದಿಲ್ಲ, ಅಷ್ಟೆ. ಚಪ್ಪರಕ್ಕೆ ಕಾರಣ ಬೇಕು ಎಂದುಕೊಂಡಿದ್ದೇವೆ: ದೇವರು, ಮದುವೆ, ಸಾವು. ಸುಮ್ಮನೆ ಕೂರುವುದಕ್ಕೆ, ಆಡುವುದಕ್ಕೆ ಬೀದಿ ಮುಚ್ಚಬಹುದು ಎಂದು ಹೇಳಿಕೊಳ್ಳಲು ನಮಗಿನ್ನೂ ನಾಚಿಕೆ.

ಆಂಬುಲೆನ್ಸ್ ಬಂದರೆ ಏನು ಮಾಡುತ್ತೀರಿ ಎಂಬುದು ಈ ವಿಷಯ ಎತ್ತಿದ ಕೂಡಲೇ ಬರುವ ಪ್ರಶ್ನೆ. ಕುರ್ಚಿ ಎತ್ತುತ್ತೇವೆ ಎಂಬುದು ಉತ್ತರ; ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡ ರಸ್ತೆಯಲ್ಲಿ ಎತ್ತಲು ಬರುವಂಥದ್ದು ಏನೂ ಇರುವುದಿಲ್ಲ. ಹಾಲಿನವನು, ಸಿಲಿಂಡರಿನವನು, ಡೆಲಿವರಿ ಹುಡುಗರು ಇವರ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಹತ್ತು ನಿಮಿಷದ ಗಡುವಿನಲ್ಲಿ ಓಡುವ ಹುಡುಗನಿಗೆ ನಾವು ಅಡ್ಡ ಇಟ್ಟ ಕುರ್ಚಿ ಎಂದರೆ ಸಂಬಳಕ್ಕೆ ಬಿದ್ದ ಹೊಡೆತ. ಬೀದಿಗೆ ತಲುಪಿಸಲು ಬಂದವನು ಹಾದುಹೋಗುವವನಲ್ಲ, ನಿಧಾನವಾಗಿ ಬಿಡಬೇಕು. ತಳ್ಳುಗಾಡಿಯ ತರಕಾರಿಯವರು ಬೀದಿಯವರೇ.

ನಿಜವಾದ ಅಪಾಯ ಇನ್ನೊಂದಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋನಿಯ ಎಂಬ ಪುಟ್ಟ ಊರು, ಫೋನಿನ ಮ್ಯಾಪು ನೋಡಿಕೊಂಡು ಒಳಬೀದಿಗೆ ನುಗ್ಗುವವರ ಕಾಟ ತಡೆಯಲಾರದೆ, 2018ರ ಜನವ‌ರಿಯಲ್ಲಿ ಸುಮಾರು ಅರವತ್ತು ಬೀದಿಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು, ದಂಡವನ್ನೂ ಇಟ್ಟಿತು. ಅದೇ ವರ್ಷ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ತಡೆಯುವುದು ಗಾಡಿಯನ್ನೋ, ಹೊರಗಿನವನನ್ನೋ? ಬೆಂಗಳೂರಿನಲ್ಲಿ ಸಾರ್ವಜನಿಕ ರಸ್ತೆಗೇ ಗೇಟು ಹಾಕಿಸಿ, ಸೆಕ್ಯುರಿಟಿ ಕೂರಿಸಿ, ಯಾರ ಮನೆಗೆ ಎಂದು ಕೇಳಿಸುವ ಬಡಾವಣೆಗಳಿವೆ. ಇಂಥ ರಸ್ತೆ ಎಲ್ಲರದು ಎಂದು ನಮ್ಮ ಹೈಕೋರ್ಟೂ ಹೇಳಿದೆ. ಗೇಟು ಮನುಷ್ಯನನ್ನು ತಡೆದು ಮನೆಯವನ ಕಾರನ್ನು ಒಳಗೆ ಬಿಡುತ್ತದೆ. ನ್ಯೂಯಾರ್ಕಿನಿಂದ ಬೊಗೋಟದವರೆಗೆ ಕಂಡುಹಿಡಿದದ್ದು ಇದಕ್ಕೆ ಸರಿಯಾಗಿ ತಿರುಗುಮುರುಗು. ಪಕ್ಕದ ಬಡಾವಣೆಯ ಹುಡುಗ ಬ್ಯಾಟು ಹಿಡಿದು ಬಂದರೆ ಅವನಿಗೂ ಆ ಬೀದಿಯಲ್ಲಿ ಜಾಗ ಇರಬೇಕು. ಇಲ್ಲವಾದರೆ ಆ ಕೆಲಸಕ್ಕೆ ನನ್ನ ಸಹಿ ಇಲ್ಲ.

ಹಾಗಾದರೆ ಕಾನೂನಿನಲ್ಲಿ ದಾರಿ ಇದೆಯೇ? ಬ್ರಿಟನ್ನಿನವರಿಗೆ 1938ರ ಕಾಯ್ದೆ ಬೇಕಾಯಿತು, ಡಚ್ಚರಿಗೆ 1976ರದು. ನಮಗೆ ಹೊಸ ಕಾಯ್ದೆ ಬೇಕಾದೀತು ಎಂದುಕೊಂಡೇ ನಾನು 1988ರ ಮೋಟಾರು ವಾಹನ ಕಾಯ್ದೆ ತೆರೆದೆ. 115ನೆಯ ಕಲಂ: ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ನಿರ್ದಿಷ್ಟ ರಸ್ತೆಯಲ್ಲಿ ಮೋಟಾರು ವಾಹನಗಳನ್ನು ನಿಷೇಧಿಸುವ, ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ, ಅದು ನೇಮಿಸಿದ ಪ್ರಾಧಿಕಾರಕ್ಕೆ ಇದೆ. ಅನುಕೂಲ ಎಂದರೆ ಗಾಡಿಯವರ ಅನುಕೂಲ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಅದರ ಕೊನೆಗೆ ಒಂದು ಪುಟ್ಟ ಷರತ್ತು ಇದೆ, ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವಂಥದ್ದು. ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚು ಇರದಿದ್ದರೆ ಗೆಜೆಟ್ ಅಧಿಸೂಚನೆಯೂ ಬೇಕಾಗಿಲ್ಲ. ಸಂದರ್ಭಕ್ಕೆ ತಕ್ಕಂಥ ಸ್ಥಳೀಯ ಪ್ರಚಾರ ಕೊಟ್ಟರೆ ಸಾಕು.

ಅಂದರೆ ಟ್ರಾಫಿಕ್ ಪೊಲೀಸರ ಒಪ್ಪಿಗೆಯಿಂದ ಒಂದು ತಿಂಗಳ ಭಾನುವಾರಗಳು, ಇಲ್ಲವೇ ಒಂದು ತಿಂಗಳ ಸಂಜೆಗಳು. ಆ ಹೊತ್ತಿಗೆ ಆ್ಯಪಲ್‌ಯಾರ್ಡನ ಹಾಗೆ ನಕ್ಷೆ ಹಿಡಿದು ಮನೆಮನೆಗೆ ಹೋಗುವವರು ಇಬ್ಬರು ಬೇಕು, ಶುರುವಾಗುವ ಮೊದಲೊಮ್ಮೆ, ತಿಂಗಳು ಮುಗಿದ ಮೇಲೊಮ್ಮೆ. ಪಕ್ಕದ ಕ್ರಾಸಿನಲ್ಲಿ ಗಾಡಿ ಎಣಿಸುವವರು ಇನ್ನಿಬ್ಬರು. ಇಲ್ಲದಿದ್ದರೆ ಆ ಕ್ರಾಸಿನವರು ಹೇಳಿದ್ದೇ ಲೆಕ್ಕ. ಇನ್ನು ಸ್ಥಳೀಯ ಪ್ರಚಾರ: ಹಾಲಿನ ಬೂತಿಗೆ ಒಂದು ಚೀಟಿ, ಮೆಟ್ರೊ ನಿಲ್ದಾಣದ ಕಡೆಯ ತಿರುವಿಗೆ ಒಂದು ಫ್ಲೆಕ್ಸು, ಮೈಕು ಕಟ್ಟಿದ ಒಂದು ಆಟೊ. ಈ ಮೂರರಲ್ಲಿ ಯಾವುದಕ್ಕೂ ಉಪನಗರದಲ್ಲಿ ಬರ ಇಲ್ಲ.